ಅನೌನ್ಸರಮ್ಮನ ಗಂಟಲು

ಬೆಳಿಗ್ಗೆ ಹತ್ತರ ಸುಮಾರಿಗೆ ಅನೌನ್ಸರಮ್ಮ ಮೂರನೇ ಮಹಡಿಯ ಬಾಲ್ಕನಿಯಲ್ಲಿ ಕೂತು ಬೀನ್ಸಿನ ನಾರು ಬಿಡಿಸುತ್ತಿದ್ದಾಗ, ಬೀದಿಯ ತಿರುವಿನಿಂದ ಅವಳದೇ ದನಿ ಬಂತು.

"ಹೆದರಬೇಡಿ. ನನ್ನ ಹಿಂದೆ ಬನ್ನಿ. ಯಾರನ್ನೂ ಬಿಟ್ಟು ಹೋಗಲ್ಲ."

ಕಂಪ್ಯೂಟರು ಆರಿಸುವುದು ಮರೆತೆನೇನೋ ಎಂದು ಒಳಗೆ ತಿರುಗಿ ನೋಡಿದಳು. ಅದು ಆರಿಯೇ ಇತ್ತು. ಕೆಳಗೆ ಬಗ್ಗಿದಳು. ಒಂದು ವ್ಯಾನು, ಅದರ ಮೈತುಂಬ ಬಡಾವಣೆಯ ಲೀಡರಿನ ಹಲ್ಲು, ನೆತ್ತಿಯ ಮೇಲೆ ಮಗನ ಅಂಗಡಿಯ ಎರಡು ಹಾರ್ನ್ ಸ್ಪೀಕರು.

"ಮೂವತ್ತೊಂದು ವರ್ಷ ನಿಮ್ಮನ್ನ ಸರಿಯಾದ ಬಸ್ಸಿಗೆ ಹತ್ತಿಸಿದವಳು ನಾನು. ಈ ಸಲವೂ ನನ್ನ ಮಾತು ಕೇಳಿ. ನಮ್ಮ ಲೀಡರಿಗೇ ವೋಟು ಕೊಡಿ."

ಅನೌನ್ಸರಮ್ಮ ಕೈಯಲ್ಲಿದ್ದ ಬೀನ್ಸನ್ನು ಮುರಿದಳು. ಮುರಿದದ್ದನ್ನು ಮತ್ತೆ ಮುರಿದಳು. ವ್ಯಾನು ಬೀದಿ ದಾಟುವಷ್ಟರಲ್ಲಿ ಒಂದು ಕಿಲೋ ಬೀನ್ಸು ಪುಡಿಯಾಗಿತ್ತು.

ಅವಳ ಕೋಪಕ್ಕೆ ಕಾರಣ ತಿಳಿಯಬೇಕಾದರೆ ಅವಳ ಕೆಲಸ ತಿಳಿದಿರಬೇಕು. ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು ಮೂವತ್ತೊಂದು ವರ್ಷ ಬಸ್ಸುಗಳು ಬಂದದ್ದು ಹೋದದ್ದು ಹೇಳಿದವಳು ಅವಳು. ಜನ ಗಲಾಟೆ ಮಾಡುತ್ತಿದ್ದಾರೆ, ಐದು ನಿಮಿಷದಲ್ಲಿ ಬರುತ್ತೆ ಅಂತ ಹೇಳಿಬಿಡಮ್ಮ ಎಂದು ಮ್ಯಾನೇಜರು ಎಷ್ಟು ಗೋಗರೆದರೂ, "ಗೇಟಿನೊಳಗೆ ಮೂತಿ ಕಾಣಿಸಲಿ, ಹೇಳ್ತೀನಿ" ಎನ್ನುತ್ತಿದ್ದಳು. ಬರದ ಬಸ್ಸನ್ನು ಬಂತು ಎಂದು ಒಂದು ದಿನವೂ ಹೇಳಿದವಳಲ್ಲ. ರಾಜಕೀಯದವರನ್ನೂ ಪ್ರವಚನದವರನ್ನೂ ಕಂಡರೆ ಅವಳಿಗೆ ಆಗದೆ ಇದ್ದದ್ದೂ ಇದಕ್ಕೇ. ಇಬ್ಬರೂ ಬರದ ಬಸ್ಸಿನ ಅನೌನ್ಸರುಗಳು. "ಒಬ್ಬ ಮೇಲಿಂದ ಅನುದಾನ ಬರುತ್ತೆ ಅಂತಾನೆ, ಇನ್ನೊಬ್ಬ ಮೇಲಿಂದ ಅನುಗ್ರಹ ಬರುತ್ತೆ ಅಂತಾನೆ. ಇಬ್ಬರೂ ಮತದವರೇ. ನನಗೆ ಇಬ್ಬರ ಹತ್ತಿರವೂ ಮತಭೇದ," ಎಂದು ಅವಳು ಮನೆಗೆ ಬಂದವರಿಗೆಲ್ಲ ಹೇಳಿ, ಆಮೇಲೆ ಇಬ್ಬರ ದನಿಯನ್ನೂ ಅನುಕರಿಸಿ ತೋರಿಸುತ್ತಿದ್ದಳು.

ನಿವೃತ್ತಿಯ ಮೇಲೆ ಮೊಮ್ಮಗಳು ಕಂಪ್ಯೂಟರಿನಲ್ಲಿ ಒಂದು ಆಟ ಹಾಕಿಕೊಟ್ಟಳು. ನಾಲ್ಕು ಜನರ ತಂಡ, ಸುಟ್ಟು ಬಿದ್ದ ಒಂದು ನಗರ, ಊರಾಚೆ ಕಾಯುವ ಹೆಲಿಕಾಪ್ಟರು. ನಾಲ್ವರೂ ಜೀವಂತ ಅಲ್ಲಿ ತಲುಪಬೇಕು. ಮೂರು ತಿಂಗಳಲ್ಲಿ ಅನೌನ್ಸರಮ್ಮ ತಂಡದ ಮುಂದಾಳಾದಳು. ಆಟದಲ್ಲಿ ಅವಳ ಹೆಸರು ಲಾಸ್ಟ್ ಬಸ್. ಜೊತೆಗೆ, ಮುಂಜಾವದ ಪಾಳಿ ಮುಗಿಸಿ ಬರುವ ಒಬ್ಬ ಬೇಕರಿಯವನು, ರಾತ್ರಿಯೆಲ್ಲ ಗೋದಾಮು ಕಾಯುವ ಒಬ್ಬ ವಾಚ್‌ಮ್ಯಾನು, ಇದೇ ಊರಿನ ದೊಡ್ಡಾಸ್ಪತ್ರೆಯ ಒಬ್ಬ ನರ್ಸು. ಒಬ್ಬರ ಮುಖ ಒಬ್ಬರು ಕಂಡವರಲ್ಲ. ದಿನಾ ಸಾಯಂಕಾಲ ನಾಲ್ಕಕ್ಕೆ ಸೇರುವರು. ಗುಂಡು ಹಾರುವಾಗ ಅನೌನ್ಸರಮ್ಮ ಹೆಡ್‌ಫೋನಿನ ಮೈಕಿನಲ್ಲಿ ಹೇಳುವಳು: ಹೆದರಬೇಡಿ, ನನ್ನ ಹಿಂದೆ ಬನ್ನಿ, ಯಾರನ್ನೂ ಬಿಟ್ಟು ಹೋಗಲ್ಲ.

ಆ ಮಾತೇ ಈಗ ವ್ಯಾನು ಹತ್ತಿ ಬೀದಿ ಸುತ್ತುತ್ತಿದ್ದದ್ದು.

ಮಧ್ಯಾಹ್ನ ಎರಡಕ್ಕೆ ಮಗ ಊಟಕ್ಕೆ ಬಂದ. ಮೈಕು, ಸ್ಪೀಕರು, ಆಂಪ್ಲಿಫೈಯರು ಬಾಡಿಗೆಗೆ ಕೊಡುವ ಅಂಗಡಿ ಅವನದು. ಊರಿಗೆ ಅವನು ಸೌಂಡಣ್ಣ. ಊರಿಗೆಲ್ಲ ಸೌಂಡು ಒದಗಿಸುವ ಅವನಿಗೆ ಚಿಕ್ಕಂದಿನಿಂದ ಮಾತು ತಡೆಯುತ್ತದೆ. ತುಟಿ ಸೇರುವ ಅಕ್ಷರ ಬಂದರಂತೂ ಅಲ್ಲೇ ನಿಂತುಬಿಡುತ್ತದೆ. ನಿಂತ ಮಾತನ್ನು ಎತ್ತಿ ಆಚೆ ದಡಕ್ಕೆ ಹಾಕುವುದು ಅಮ್ಮನಿಗೆ ನಲವತ್ತು ವರ್ಷದ ರೂಢಿ.

"ವ್ಯಾನಲ್ಲಿ ಕೂಗ್ತಿರೋಳು ಯಾರು?" ಎಂದಳು, ಅವನ ತಟ್ಟೆಗೆ ಅನ್ನ ಹಾಕದೆ ಸೌಟು ಹಿಡಿದು ನಿಂತು.

"ಅದು ಪ... ಪ್ರ..."

"ಪ್ರಚಾರ. ಅದು ನನಗೂ ಗೊತ್ತು. ದನಿ ಯಾರ್ದು?"

"ನಿಂದೇ. ಅಂದ್ರೆ, ನಿಂದಲ್ಲ. ಮ... ಮ..."

"ಮಾಡಿದ್ದು. ಯಾರು?"

ಮೊಮ್ಮಗಳು ಫೋನಿನಿಂದ ತಲೆಯೆತ್ತಿದಳು. ಕಾಲೇಜಿನಲ್ಲಿ ಧ್ವನಿಮುದ್ರಣವನ್ನೇ ಓದುತ್ತಿರುವವಳು. "ನಾನೇ ಅಜ್ಜಿ. ನಿನ್ನ ಆಟದ ರೆಕಾರ್ಡಿಂಗ್ ಎಲ್ಲ ಇತ್ತಲ್ಲ, ಎರಡು ವರ್ಷದ್ದು. ಹಿಂದೆ ಒಂದಿಷ್ಟೂ ಗಲಾಟೆ ಇಲ್ಲ, ಎಷ್ಟು ಕ್ಲೀನಾಗಿದೆ ಗೊತ್ತಾ. ಪ್ರೋಗ್ರಾಂಗೆ ಅದನ್ನ ಕೇಳಿಸಿದ್ರೆ ಅದೇ ಕಲ್ತ್ಕೊಳ್ಳುತ್ತೆ. ಆಮೇಲೆ ನಾವೇನು ಟೈಪ್ ಮಾಡಿದ್ರೂ ನಿನ್ ಥರಾನೇ ಹೇಳುತ್ತೆ."

"ನನ್ನ ಕೇಳಿದ್ಯಾ?"

"ಕೇಳಿದ್ರೆ ಒಪ್ತಿದ್ಯಾ?"

"ಇಲ್ಲ."

"ಅದಕ್ಕೇ ಕೇಳ್ಲಿಲ್ಲ."

"ಎಲ್ಲಿಟ್ಟಿದ್ದೀಯ ಅದನ್ನೆಲ್ಲ?"

ಹುಡುಗಿ ಸ್ವಲ್ಪ ಅಳುಕಿದಳು. "ಅಪ್ಪನ ಕಂಪ್ಯೂಟರಲ್ಲಿ. ಅಂಗಡಿ ಸ್ಟಾಕ್ ಅಂತ ಒಂದು ಫೋಲ್ಡರ್ ಇದೆ."

"ಸರಿಯಾಯ್ತು. ವೈರು, ಸ್ಟ್ಯಾಂಡು, ಮುದುಕಿ."

ಸೊಸೆ ನೀರಿನ ಲೋಟ ಇಡುತ್ತ ಮಧ್ಯೆ ಬಂದಳು. "ಅತ್ತೆ, ಇನ್ನು ಮೂರು ವಾರ ಅಷ್ಟೇ. ಎಲೆಕ್ಷನ್ ಮುಗಿದ್ರೆ ಅವ್ರೂ ಮರೀತಾರೆ, ಊರೂ ಮರೆಯುತ್ತೆ."

"ಗೆದ್ದೋರಿಗೆ ಮರೆವು ಜಾಸ್ತಿ ಕಣಮ್ಮ. ನನಗೆ ನೆನಪಿರುತ್ತೆ." ಸೌಟನ್ನು ಪಾತ್ರೆಗೆ ಎಸೆದಳು. "ನಿಲ್ಸು ಅದನ್ನ. ಇವತ್ತೇ."

"ಆಗಲ್ಲ ಅ... ಅ..."

"ಅಮ್ಮ," ಎಂದು ತಾನೇ ಮುಗಿಸಿ, ಅನೌನ್ಸರಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮರುದಿನದಿಂದ ಮುಷ್ಕರ. ಮನೆಯಲ್ಲಿ ಬೆಳಗಿನ ಚಹಾ, ಮಧ್ಯಾಹ್ನದ ಅಡುಗೆ, ಬಟ್ಟೆ ಮಡಿಸುವುದು ಅವಳ ಪಾಲಿನ ಕೆಲಸ. ಅವಳು ಒಂದು ಲೋಟ ಚಹಾ ಮಾಡಿದಳು, ಒಂದು ಮೊಟ್ಟೆ ಬೇಯಿಸಿದಳು, ತನ್ನ ಎರಡು ಬಟ್ಟೆ ಮಡಿಸಿದಳು. ಉಳಿದ ಬಟ್ಟೆ ಸೋಫಾದ ಮೇಲೆ ಗುಡ್ಡೆಯಾಗಿ ಬೆಳೆಯಿತು. ಮೂರನೇ ದಿನಕ್ಕೆ ಮಗ ಒಂದು ಕಾಲಿಗೆ ಕಪ್ಪು, ಒಂದು ಕಾಲಿಗೆ ಕಂದು ಕಾಲುಚೀಲ ಹಾಕಿಕೊಂಡು ಹೋದ. ಅವಳು ನೋಡಿ ತನ್ನ ಚಹಾ ಕುಡಿದಳು.

ವ್ಯಾನು ಮಾತ್ರ ದಿನಾ ಬಂತು. ಬೆಳಿಗ್ಗೆ ಹತ್ತು, ಮಧ್ಯಾಹ್ನ ಒಂದು, ಸಾಯಂಕಾಲ ನಾಲ್ಕೂ ಹತ್ತು. ಬಸ್ಸುಗಳು ಇಷ್ಟು ಸಮಯಕ್ಕೆ ಸರಿಯಾಗಿ ಬಂದಿದ್ದರೆ ತನ್ನ ಕೆಲಸ ಎಷ್ಟು ಹಗುರವಾಗುತ್ತಿತ್ತು ಎಂದು ಅವಳಿಗೆ ಇನ್ನಷ್ಟು ಉರಿಯಿತು.

ಮಾರುಕಟ್ಟೆಯಲ್ಲಿ ಈರುಳ್ಳಿಯವನು ಅವಳನ್ನು ಕಂಡದ್ದೇ ಕೈಯೊರೆಸಿಕೊಂಡ. "ಅಮ್ಮಾ, ನಿಮ್ಮ ಮಾತು ಅಂದ್ಮೇಲೆ ಮುಗೀತು. ನಮ್ಮನೇ ನಾಲ್ಕು ವೋಟೂ ಅವ್ರಿಗೇ."

"ಅದು ನಾನಲ್ಲಪ್ಪ. ನಾನು ಹಾಗೆ ಹೇಳಿಲ್ಲ."

ಅವನು ಪಕ್ಕದ ಅಂಗಡಿಯವನಿಗೆ ಕಣ್ಣು ಹೊಡೆದ. "ಅದೇ ದನೀಲಿ ಹೇಳ್ತಾರೆ ನೋಡು, ನಾನಲ್ಲ ಅಂತ."

ಅಲ್ಲಿಂದ ನೇರ ಚುನಾವಣಾ ಕಚೇರಿಗೆ ಹೋದಳು. ಗುಮಾಸ್ತ ಕನ್ನಡಕವನ್ನು ಹಣೆಗೇರಿಸಿ ಅವಳ ಅರ್ಜಿಯನ್ನು ಎರಡು ಸಲ ಓದಿದ.

"ವ್ಯಾನಿನಲ್ಲಿರೋದು ನಿಮ್ಮ ದನಿ ಅಂತೀರ. ಏನು ಪುರಾವೆ?"

"ಮಾತಾಡ್ತಿದ್ದೀನಲ್ಲ, ಕೇಳಿಸ್ತಿಲ್ವಾ?"

"ಕೇಳಿಸ್ತಿದೆ. ಸೇಮ್ ಇದೆ. ಹಾಗಾದ್ರೆ ನೀವೇ ಹೇಳಿದ್ದೀರಿ."

"ದನಿ ನಂದು. ಮಾತು ನಂದಲ್ಲ."

"ಅಮ್ಮಾ, ಈ ಫಾರಂನಲ್ಲಿ ಎರಡೇ ಖಾನೆ. ಹೇಳಿಕೆ ನನ್ನದು, ಹೇಳಿಕೆ ನನ್ನದಲ್ಲ. ನಿಮ್ಮದು ಎರಡಕ್ಕೂ ಕೂರಲ್ಲ."

"ಮೂರನೇ ಖಾನೆ ಗೆರೆ ಹಾಕ್ಕೊಳ್ಳಿ. ಸ್ಕೇಲ್ ಕೊಡ್ಲಾ?"

"ಅದೆಲ್ಲ ಮೇಲಿಂದ ಬರಬೇಕು."

"ನಿಮಗೂ ಮೇಲಿಂದಲೇ," ಎಂದಳು. ಮತ ಎಣಿಕೆ ಮುಗಿದ ಮೇಲೆ ಬನ್ನಿ ಎಂದು ಅವನು ಅರ್ಜಿಗೆ ಮೊಹರು ಹಾಕಿದ.

ಎರಡನೇ ವಾರ ಇನ್ನೊಂದು ಬೆಂಕಿ ಬಿತ್ತು. ಸೊಸೆ ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುವವಳು. ವಾರಕ್ಕೊಂದು ಸಾಯಂಕಾಲ ಪ್ರಾರ್ಥನಾ ಸಭೆಗೆ ಹೋಗಿ ಬರುತ್ತಾಳೆ. ಆವತ್ತು ಬಂದವಳೇ ಬ್ಯಾಗು ಕೆಳಗಿಡದೆ ಹೇಳಿದಳು. "ಅತ್ತೆ, ಪ್ರವಚನದವರು ನಿಮ್ಮ ದನಿಯನ್ನ ಬಹಳ ಮೆಚ್ಕೊಂಡ್ರು. ಸಭೆಗೆ ಜನರನ್ನ ಕರೆಯೋಕೆ ಅದೇ ಥರ ಒಂದು ಮಾಡಿಕೊಡ್ತೀರಾ ಅಂದ್ರು. ನೀವು ಏನೂ ಹೇಳಬೇಕಾಗಿಲ್ಲ, ಹೇಗೂ..."

"ಹೇಗೂ ಸ್ಟಾಕಿನಲ್ಲಿದೆ," ಎಂದಳು ಅನೌನ್ಸರಮ್ಮ. ಆಮೇಲೆ ಕತ್ತು ಓರೆ ಮಾಡಿ, ಕಣ್ಣು ಅರೆಮುಚ್ಚಿ, ಪ್ರವಚನದವರ ಜೇನು ಸುರಿಯುವ ರಾಗ ತೆಗೆದಳು. "ಮನಸ್ಸನ್ನು ತೆರೆಯಿರಿ. ಇನ್ನೂ ತೆರೆಯಿರಿ. ಹಾಗೇ ಅದೇ ಕೈಯಲ್ಲಿ ಪರ್ಸನ್ನೂ ತೆರೆಯಿರಿ."

ಮೊಮ್ಮಗಳು ಫಕ್ಕನೆ ನಕ್ಕಳು. ಸೊಸೆ ನಗಲಿಲ್ಲ.

"ನಾನು ದಿನಾ ಹತ್ತು ಗಂಟೆ ನಿಂತು ಕಂಡೋರ ಕಾಯಿಲೆ ಕೇಳ್ತೀನಿ ಅತ್ತೆ. ವಾರಕ್ಕೆ ಒಂದು ಗಂಟೆ ಅಲ್ಲಿ ಕಣ್ಣು ಮುಚ್ಚಿ ಕೂರ್ತೀನಿ. ಅದೊಂದೇ ಗಂಟೆ ನನ್ನ ಕಾಲು ನೋಯಲ್ಲ. ನಿಮಗೆ ಕಂಪ್ಯೂಟರಲ್ಲಿ ಹೆಲಿಕಾಪ್ಟರ್ ಬರುತ್ತೆ ಅಂದ್ರೆ ನಂಬಿಕೆ. ನನಗೆ ಮೇಲಿಂದ ಅನುಗ್ರಹ ಬರುತ್ತೆ ಅಂದ್ರೆ ತಮಾಷೆ."

ಅನೌನ್ಸರಮ್ಮ ಓರೆ ಮಾಡಿದ ಕತ್ತನ್ನು ನೆಟ್ಟಗೆ ಮಾಡಿಕೊಂಡಳು. "ನೀನು ಕೂತ್ಕೋ, ಬೇಡ ಅನ್ನಲ್ಲ. ನನ್ನ ಬಾಯಲ್ಲಿ ಜನರನ್ನ ಕರೀಬೇಡ ಅಂತೀನಿ ಅಷ್ಟೇ," ಎಂದಳು. ಸೊಸೆ ಆಲೂಗಡ್ಡೆ ಹೆಚ್ಚಲು ಹೋದಳು. ಚಾಕು ಮಣೆಯ ಮೇಲೆ ಬಹಳ ಹೊತ್ತು ಸದ್ದು ಮಾಡಿತು.

ಇಷ್ಟೆಲ್ಲ ಆದರೂ ನಾಲ್ಕಾದರೆ ಅವಳಿಗೊಂದು ಜಾಗವಿತ್ತು. ಅದೂ ಹೋಯಿತು.

ಒಂದು ಸಾಯಂಕಾಲ ಅವರು ಸುಟ್ಟ ನಗರದ ಸೇತುವೆಯ ಬುಡದಲ್ಲಿದ್ದಾಗ ನರ್ಸು ಮಂಡಿಯೂರಿದಲ್ಲೇ ಉಳಿದುಬಿಟ್ಟಳು.

"ಲಾಸ್ಟ್ ಬಸ್, ಒಂದು ಕೇಳ್ಲಾ? ನಮ್ಮ ಆಸ್ಪತ್ರೆ ಮುಂದೆ ದಿನಾ ಹೋಗ್ತೀರಲ್ಲ, ವ್ಯಾನಲ್ಲಿ."

ಅನೌನ್ಸರಮ್ಮ ಮೈಕನ್ನು ಬಾಯಿಗೆ ಹತ್ತಿರ ಎಳೆದುಕೊಂಡಳು. "ಅದು ನಾನಲ್ಲಮ್ಮ. ಮನೆಯವರು ನನ್ನ ದನಿ ಕದ್ದು..."

"ಆ ಮನುಷ್ಯ ಆರು ವರ್ಷದಿಂದ ನಮ್ಮ ವಾರ್ಡಿಗೆ ಲಿಫ್ಟು ಬಂತು ಬಂತು ಅಂತಾನೆ. ಹೆಣಾನ ನಾಲ್ಕು ಮಹಡಿ ಹೊತ್ತು ಇಳಿಸ್ತೀವಿ ನಾವು. ಇದೇ ಹೆಡ್‌ಫೋನಲ್ಲಿ ನಿಮ್ಮ ಹತ್ತಿರ ಹೇಳ್ಕೊಂಡು ಅತ್ತಿದ್ದೀನಿ. ನೀವೂ ಅವನಿಗೆ ಬೈದ್ರಿ."

"ಈಗಲೂ ಬೈತೀನಿ."

"ಮೇಲಿನ ಮಹಡೀಲಿ ಸಾಯೋರು ಕಿಟಕಿ ಹತ್ರ ಮಲಗಿರ್ತಾರೆ. ಯಾರನ್ನೂ ಬಿಟ್ಟು ಹೋಗಲ್ಲ ಅಂತ ಕೇಳಿಸುತ್ತೆ ಅವರಿಗೆ, ನಿಮ್ಮ ಬಾಯಲ್ಲಿ. ಅದು ನಮ್ಮ ನಾಲ್ಕು ಜನರ ಮಾತಾಗಿತ್ತು. ಅದನ್ನೂ ಮಾರಿದ್ರಲ್ಲ."

"ನಾನು ಮಾರಿಲ್ಲ. ಕೇಳಿಲ್ಲಿ..."

"ಹೇಗೆ ಕೇಳ್ಲಿ? ಈಗ ಮಾತಾಡ್ತಿರೋದು ನೀವೋ ಅದೋ ನನಗೇನು ಗೊತ್ತು."

ಪರದೆಯ ಮೇಲೆ ನರ್ಸಿನ ಆಕೃತಿ ಮಂಜಾಗಿ ಮಾಯವಾಯಿತು. ಮರುದಿನವೂ ಬರಲಿಲ್ಲ, ಅದರ ಮರುದಿನವೂ ಇಲ್ಲ. ಮೂವರಿಂದ ಆಗುವ ಆಟವಲ್ಲ ಅದು. ಬೇಕರಿಯವನೂ ವಾಚ್‌ಮ್ಯಾನೂ ನಿದ್ದೆಯ ನೆಪ ಹೇಳಿ ಜಾರಿಕೊಂಡರು.

ಮತದಾನಕ್ಕೆ ನಾಲ್ಕು ದಿನ ಇದ್ದಾಗ ಅನೌನ್ಸರಮ್ಮ ಅಂಗಡಿಗೆ ಹೋದಳು. ಮಗ ನೆಲದ ಮೇಲೆ ಕಾಲು ಚಾಚಿ ಕೂತು ಕಡಿದ ವೈರಿಗೆ ಟೇಪು ಸುತ್ತುತ್ತಿದ್ದ. ಗೋಡೆಯುದ್ದಕ್ಕೂ ಸ್ಪೀಕರುಗಳು ಬಾಯಿ ತೆರೆದು ನಿಂತಿದ್ದವು.

"ನಿನ್ನ ಮಗಳ ಹತ್ತಿರ ಹೇಳಿ ಅಳಿಸಿಹಾಕು. ವ್ಯಾನಿಂದ ಕಿತ್ತುಹಾಕು. ನಾನು ಮೂರನೇ ಸಲ ಹೇಳ್ತಿರೋದು."

"ಆಗಲ್ಲ. ಅವ್ರ ಕೆಲಸ ಹೋದ್ರೆ ಅಂಗಡಿ ಮು... ಮು..."

"ಮುಚ್ಚಲಿ. ಕದ್ದ ದನಿ ಮಾರೋ ಅಂಗಡಿ ಮುಚ್ಚಲಿ."

ಮಗ ಟೇಪನ್ನು ನೆಲಕ್ಕೆ ಬಡಿದ. "ಮುಗಿಸ್ಬೇಡ."

"ಏನು?"

"ನನ್ನ ಮ... ಮಾತು. ಮು... ಮುಗಿಸ್ಬೇಡ." ಅವನ ಕತ್ತಿನ ನರ ಉಬ್ಬಿತ್ತು. ಅವಳು ಬಾಯಿ ತೆರೆದವಳು ಮುಚ್ಚಿದಳು. "ನಲವತ್ತು ವರ್ಷ ನೀನೇ ಮುಗಿಸಿದ್ದೀಯ. ನಾನು ಬ್ರೆಡ್ ಅನ್ನೋಕೆ ಹೊರಟ್ರೆ ನೀನು ಬ... ಬಟ್ಟೆ ಅಂತೀಯ, ನನಗೆ ಬ... ಬಟ್ಟೆ ಬರುತ್ತೆ. ಊರವರ ದನಿಯೆಲ್ಲ ನೀನು ಮಾಡ್ತೀಯ. ಲೀಡರ್ದು, ಪ್ರವಚನದವರ್ದು. ನಾನು ಚಿಕ್ಕೋನಿದ್ದಾಗ ಬ... ಬಂದೋರ ಮುಂದೆ ನಂದೂ ಮಾಡಿ ತೋರಿಸಿದ್ದೀಯ. ಎಲ್ಲ ನಕ್ಕಿದ್ರು. ನೀನು ಮಾಡಿದ್ರೆ ತ... ತಮಾಷೆ, ನಾನು ಮಾಡಿದ್ರೆ ಕಳ್ಳತನ."

ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು.

"ಲೀಡರ್ ಕಡೆಯೋನು ಬ... ಬಂದು ಇಲ್ಲೇ ನಿಂತು, ನೀನೇ ಒಂದು ಸ್ಯಾಂಪಲ್ ಓದು ಸೌಂಡಣ್ಣ ಅಂದ. ಗೊತ್ತಿದ್ದೇ ಅಂದ. ಮೂರು ಜನ ಇದ್ರು. ನಾನು ಮೊದಲನೇ ಪ... ಪದದಲ್ಲೇ ನಿಂತೆ. ಅವ್ರು ನಗ್ತಾ ಫೋನಲ್ಲಿ ವಿಡಿಯೋ ತೆಗೆದುಕೊಂಡ್ರು. ಆಗ ಹೇಳ್ದೆ, ಅ... ಅ..." ಅವಳ ನಾಲಿಗೆಯ ತುದಿಗೆ ಆ ಪದ ಬಂದು ನಿಂತಿತ್ತು. ಹಲ್ಲು ಕಚ್ಚಿದಳು. "...ಅಮ್ಮನ ದನಿ ಕೊಡ್ತೀನಿ ಅಂತ."

ಅನೌನ್ಸರಮ್ಮ ಒಂದು ಸ್ಪೀಕರಿನ ಮೇಲೆ ಕೂತಳು. ಕೋಪ ಇಳಿದಿರಲಿಲ್ಲ, ಅದಕ್ಕೆ ಈಗ ಎರಡು ದಿಕ್ಕಾಗಿತ್ತು, ಅಷ್ಟೇ.

"ಆವತ್ತು ನಿಂದು ಮಾಡಿ ತೋರಿಸಿದ್ದು ತಪ್ಪು. ಅದಕ್ಕೆ ಈಗ ಏನು ಹೇಳಿದ್ರೂ ಸಾಲಲ್ಲ," ಎಂದಳು. "ಅವರು ನಕ್ಕಿದ್ದಕ್ಕೆ ನೀನು ಅವರಿಗೇ ನನ್ನ ಕೊಟ್ಟೆಯಲ್ಲ, ಅದು ನಿನ್ನ ತಪ್ಪು. ನನ್ನ ಮಾತನ್ನ ಈಗ ಯಾರೂ ನಂಬಲ್ಲ. ನಾಲ್ಕು ಗಂಟೆಗೆ ಬಾ. ನೀನು ಹೇಳು."

"ಯಾ... ಯಾರಿಗೆ?"

"ಬಂದು ಕೂತ್ಕೋ, ಗೊತ್ತಾಗುತ್ತೆ."

ಅವಳು ನರ್ಸಿಗೆ ಟೈಪ್ ಮಾಡಿ ಕಳಿಸಿದಳು: ಐದು ನಿಮಿಷ ಬಾ. ನಾನು ಮಾತಾಡಲ್ಲ.

ನಾಲ್ಕಕ್ಕೆ ಮಗ ಬಂದ. ಅಮ್ಮನ ಕುರ್ಚಿಯಲ್ಲಿ ಕೂತು, ಅವಳ ಹೆಡ್‌ಫೋನನ್ನು ತನ್ನ ತಲೆಯಳತೆಗೆ ಹಿಗ್ಗಿಸಿ ಹಾಕಿಕೊಂಡ. ಊರಿನ ಎಲ್ಲ ಮೈಕುಗಳನ್ನೂ ಮುಟ್ಟಿದ ಆ ಕೈ ಈ ಬೆರಳುದ್ದದ ಮೈಕನ್ನು ಮುಟ್ಟಲು ಹೆದರುತ್ತಿತ್ತು. ಮೊಮ್ಮಗಳು ಬಾಗಿಲಲ್ಲಿ ನಿಂತಳು. ಸೊಸೆ ಅವಳ ಹಿಂದೆ.

"ಯಾರಿದು?" ನರ್ಸಿನ ದನಿ.

"ನಾನು ಅವ್ರ ಮ... ಮ..."

ಅನೌನ್ಸರಮ್ಮ ಕಿಟಕಿಯ ಸರಳು ಹಿಡಿದುಕೊಂಡಳು.

"ಮ... ಮಗ. ಆ ವ್ಯಾನಲ್ಲಿರೋದು ಅವ್ರಲ್ಲ. ನಾನು ಮ... ಮಾಡಿಸಿದ್ದು. ಅವ್ರಿಗೆ ಗೊತ್ತಿರ್ಲಿಲ್ಲ. ಎರಡು ವಾರದಿಂದ ನನಗೆ ಊಟ ಹಾಕಿಲ್ಲ."

ನರ್ಸು ಹೇಳಿದಳು: "ಇದನ್ನ ನನಗೆ ಹೇಳಿದ್ರೆ ಏನು ಬಂತು ಸಾರ್. ಕಿಟಕಿ ಹತ್ರ ಮಲಗಿರೋರು ಈ ಹೆಡ್‌ಫೋನ್ ಹಾಕ್ಕೊಂಡಿಲ್ಲ."

ಹೇಳಿಕೊಟ್ಟ ಹಾಗೆ ಅದೇ ಹೊತ್ತಿಗೆ ಕೆಳಗೆ ವ್ಯಾನು ಬಂತು. ಹೆದರಬೇಡಿ. ನನ್ನ ಹಿಂದೆ ಬನ್ನಿ. ಎಲ್ಲೂ ತಡವರಿಸದ, ಉಸಿರು ತೆಗೆದುಕೊಳ್ಳದ ದನಿ.

ಮಗ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ. ಯಾರ ಮುಖವನ್ನೂ ನೋಡದೆ ಮೂರು ಮಹಡಿ ಇಳಿದ. ಮಂಡಿನೋವಿನ ಅನೌನ್ಸರಮ್ಮ ಹಿಂದೆಯೇ ಇಳಿದಳು. ಅವನು ನಿಧಾನಕ್ಕೆ ಬರುತ್ತಿದ್ದ ವ್ಯಾನಿಗೆ ಅಡ್ಡ ನಿಂತು, ಬಾಗಿಲು ತೆಗೆದು, ಡ್ಯಾಷ್‌ಬೋರ್ಡಿನಿಂದ ಪೆನ್‌ಡ್ರೈವ್ ಕಿತ್ತು ಜೇಬಿಗೆ ಹಾಕಿಕೊಂಡ.

"ಅಣ್ಣಾ, ಸುಮ್ನೆ ಗಾಡಿ ಓಡಿಸಿದ್ರೆ ನನ್ನ ಸಂಬಳ ಹಿಡೀತಾರೆ," ಎಂದ ಡ್ರೈವರು. "ಏನಾದ್ರೂ ಕೂಗ್ಲೇಬೇಕು."

"ಕೂಗ್ತೀನಿ. ಮೈ... ಮೈಕ್ ಕೊಡು."

ಡ್ರೈವರು ನಗು ತಡೆದುಕೊಂಡು ಕೊಟ್ಟ. ಮಗ ಬಾಯಿಗೆ ಹಿಡಿದ. ಮೊದಲು ಬರೀ ಉಸಿರು ಬಂತು, ಹಾರ್ನುಗಳಲ್ಲಿ ಹಾದು ಬೀದಿಯುದ್ದಕ್ಕೂ. ಕಿಟಕಿಗಳು ಒಂದೊಂದಾಗಿ ತೆರೆದವು. ಇಸ್ತ್ರಿಯವನು ಇಸ್ತ್ರಿ ಎತ್ತಿಟ್ಟ.

"ಇಷ್ಟು ದಿನ ಕೇಳಿದ್ದು ನ... ನಮ್ಮ... ನ..."

ಎರಡನೇ ಮಹಡಿಯ ಬಾಲ್ಕನಿಯಿಂದ ಒಬ್ಬ ಕೂಗಿದ: "ನಮ್ಮ ಲೀಡರಾ?" ನಾಲ್ಕು ಕಡೆ ನಗು.

ಅನೌನ್ಸರಮ್ಮ ತಲೆಯೆತ್ತಿದಳು. ಅವಳ ಗಂಟಲಿಗೆ ಮೈಕು ಬೇಕಿರಲಿಲ್ಲ. "ಬಾಯಿ ಮುಚ್ಕೊಂಡು ನಿಂತ್ಕೊಳ್ಳಿ. ಅವನೇ ಹೇಳ್ತಾನೆ. ಎಷ್ಟು ಹೊತ್ತಾದ್ರೂ ಅವನೇ ಹೇಳ್ತಾನೆ."

ಬೀದಿ ಕಾಯಿತು. ಮಗನ ತುಟಿಗಳು ಅಂಟಿಕೊಂಡು ನಡುಗಿದವು, ಕಣ್ಣಿನ ಮೂಲೆಯಲ್ಲಿ ನೀರು ಬಂತು. ಅವಳಿಗೆ ಆ ಪದ ಗೊತ್ತಿತ್ತು, ಅದರ ಮುಂದಿನದೂ ಗೊತ್ತಿತ್ತು. ಕೆನ್ನೆಯ ಒಳಭಾಗವನ್ನು ಹಲ್ಲಿನಿಂದ ಹಿಡಿದು ನಿಂತಳು.

"...ನಮ್ಮಮ್ಮನ ಮಾತಲ್ಲ. ಅವ್ರು ಯಾರಿಗೂ ವೋಟು ಕೇಳಿಲ್ಲ. ಮೆ... ಮೆಷಿನ್ನಲ್ಲಿ ಮಾಡಿದ್ದು. ಮಾಡ್ಸಿದ್ದು ನಾನು."

ಮೈಕು ಇಳಿಸಿದ. ಅಂಗಿ ಬೆನ್ನಿಗೆ ಅಂಟಿತ್ತು. ಬಾಲ್ಕನಿಯವನು ಒಳಗೆ ಹೋಗಿದ್ದ.

"ಆ... ಆಯ್ತಾ?" ಎಂದ, ಅವಳ ಕಡೆ ತಿರುಗದೆ.

"ಎಲ್ಲಿ ಆಯ್ತು?" ಎಂದಳು ಅನೌನ್ಸರಮ್ಮ. ವ್ಯಾನಿನ ಮುಂದಿನ ಬಾಗಿಲು ತೆಗೆದು, ಮಂಡಿ ಹಿಡಿದುಕೊಂಡು ಡ್ರೈವರಿನ ಪಕ್ಕ ಹತ್ತಿ ಕೂತಳು. "ಇದು ಒಂದು ಬೀದಿ. ಒಂಬತ್ತು ಬೀದೀಲಿ ಕೂಗಿಸಿದ್ದೀಯ. ಮೊದಲು ಆಸ್ಪತ್ರೆ ಕಡೆ ತಿರುಗಿಸಿ ಡ್ರೈವರೇ. ಅಲ್ಲಿ ನಿಧಾನಕ್ಕೆ ಹೋಗಿ, ಅವನಿಗೆ ಹೊತ್ತು ಬೇಕು."